ಹೊತ್ತು ಹುಟ್ಟೋದನ್ನು ನೋಡೋಕೆ ದೊಡ್ಡಬೆಟ್ಟವೇ ಬೇಕೆ?

ನೀಲಗಿರಿಗೆ ಹೋಗಿ ಸೂರ್ಯೋದಯ ನೋಡಬೇಕು ಅಂತ ಯಾರಾದರೂ ಬಾಯಿಬಿಟ್ಟರೆ ಸಾಕು, ಹತ್ತರಲ್ಲಿ ಒಂಬತ್ತು ಮಂದಿ ಹೇಳುವ ಹೆಸರು ಒಂದೇ: ದೊಡ್ಡಬೆಟ್ಟ. ಹೆಸರು ನಮ್ಮದೇ ಮಾತಿನದು, ಅರ್ಥ ಬಿಡಿಸಿ ಹೇಳುವ ಕೆಲಸವಿಲ್ಲ. ಎತ್ತರ 2637 ಮೀಟರ್. ತಮಿಳುನಾಡಿಗೆಲ್ಲ ದೊಡ್ಡದು; ನಮ್ಮ ಮುಳ್ಳಯ್ಯನಗಿರಿಗಿಂತ ಏಳುನೂರು ಮೀಟರ್ ಮೇಲು. ಊಟಿಯಿಂದ ಹತ್ತಿರ, ನೆತ್ತಿಯವರೆಗೂ ರಸ್ತೆ ಇದೆ. ಅಷ್ಟೆತ್ತರದಲ್ಲಿ ನಿಂತವನಿಗೆ ಸೂರ್ಯ ಎಲ್ಲರಿಗಿಂತ ಮೊದಲು ಕಾಣಬೇಕು ಎಂಬುದು ಜನರ ಲೆಕ್ಕ. ಲೆಕ್ಕವೇನೋ ಸರಿಯೇ. ಆದರೆ ಆ ದಾರಿಗೆ ಅರಣ್ಯ ಇಲಾಖೆಯ ಗೇಟು ಉಂಟು, ಅದು ತೆರೆಯುವುದು ಬೆಳಕು ಹರಿದ ಮೇಲೆ. ಗೇಟಿನ ಮುಂದೆ ಕಾರಿನ ಗಾಜು ಏರಿಸಿಕೊಂಡು, ಮಫ್ಲರ್ ಸುತ್ತಿಕೊಂಡು ಕೂತು, ಮರಗಳ ಸಂದಿಯಲ್ಲಿ ಬಿಸಿಲು ಬಿದ್ದ ಮೇಲೆ ಒಳಗೆ ಬಿಡಿಸಿಕೊಂಡವರನ್ನು ನಾನು ಎಷ್ಟೋ ಮಂದಿ ನೋಡಿದ್ದೇನೆ. ಟೆಲಿಸ್ಕೋಪ್ ಹೌಸ್ ನೋಡಿಕೊಂಡು, ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ಸೂರ್ಯೋದಯ ಮಾತ್ರ ಸಿಕ್ಕಿರುವುದಿಲ್ಲ.

ತಾಳವಾಡಿ ಕಡೆಯವನಾದ ನನ್ನನ್ನು ಈ ವಿಚಾರವಾಗಿ ಕೇಳುವವರು ಹೆಚ್ಚು. ನಮ್ಮ ಕಡೆಯ ಕೋಸು, ಟೊಮೆಟೊ, ಬಾಳೆ ಮೆಟ್ಟುಪಾಳ್ಯಕ್ಕೂ ಕೊಯಮತ್ತೂರಿಗೂ ಇಳಿಯುತ್ತವೆ. ನೀಲಗಿರಿಯ ಆಲೂಗಡ್ಡೆ, ಬೆಳ್ಳುಳ್ಳಿ, ಕ್ಯಾರೆಟ್ಟು ಇಳಿಯುವುದೂ ಅದೇ ಮೆಟ್ಟುಪಾಳ್ಯದ ಮಂಡಿಗೆ. ಲೋಡು ಇಳಿಸಿ ಕೈಯಲ್ಲಿ ನಾಲ್ಕು ಕಾಸು ಆಡಿದಾಗ, "ಇಷ್ಟು ದೂರ ಬಂದಿದ್ದೀವಿ, ಮೇಲಕ್ಕೂ ಹೋಗ್ಬುಟ್ಟು ಬರೋಣ" ಅನ್ನಿಸುವುದು ಸಹಜ. ಹಾಗೆ ಹೋಗುವವರಿಗೆ ನಾನು ಹೇಳುವುದಿಷ್ಟು. ಬೆಟ್ಟ ಎಷ್ಟು ಎತ್ತರ ಅಂತ ಕೇಳಬೇಡಿ. ಈ ತಿಂಗಳು ಸೂರ್ಯ ಹುಟ್ಟುವ ಮೂಲೆ ಆ ಬೆಟ್ಟದಿಂದ ಬಿಡಿಸಿ ಕಾಣುತ್ತದಾ, ಆ ಹೊತ್ತಿಗೆ ಅಲ್ಲಿಗೆ ಬಿಡುತ್ತಾರಾ, ಹಿಂದಿನ ರಾತ್ರಿ ಎಲ್ಲಿ ಮಲಗುತ್ತೀರಿ, ಇದನ್ನು ಕೇಳಿ.

ಗೇಟಿನ ಲೆಕ್ಕ

ಮಲಗುವ ಮಾತು ಯಾಕೆ ಬಂತು ಅಂದರೆ, ಗಡಿಯ ಈಚೆ ಇರುವ ನಮಗೆ ರಾತ್ರಿ ರಸ್ತೆ ನಮ್ಮದಲ್ಲ. ಗುಂಡ್ಲುಪೇಟೆ ಕಡೆಯಿಂದ ಹೋಗುವುದಾದರೆ ಬಂಡೀಪುರದ ಕಾಡಿನ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಬೆಳಗ್ಗೆ 6ಕ್ಕೆ ಚೆಕ್‌ಪೋಸ್ಟ್ ತೆಗೆದ ಕೂಡಲೇ ಹೊರಟರೂ ಊಟಿ ಮುಟ್ಟಲು ಎರಡು ಗಂಟೆಗೆ ಕಮ್ಮಿಯಿಲ್ಲ. ಅಷ್ಟರಲ್ಲಿ ಸೂರ್ಯ ಮಾರುದ್ದ ಮೇಲೆ ಬಂದಿರುತ್ತಾನೆ. ತಾಳವಾಡಿ, ಹಾಸನೂರು ಕಡೆಯಿಂದ ದಿಂಬಂ ಘಾಟಿ ಇಳಿಯುವವರ ಪಾಡೂ ಇದೇ. 27 ತಿರುವಿನ ಆ ಘಾಟಿಯಲ್ಲಿ ರಾತ್ರಿ ಸಂಚಾರದ ನಿರ್ಬಂಧವನ್ನು ಜಾರಿಗೆ ತರಬೇಕೆಂದು 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದಾಗ ನಮ್ಮ ರೈತರು ಬೀದಿಗಿಳಿದರು. ಆಮೇಲೆ ಸ್ಥಳೀಯರಿಗೆ ಒಂದಿಷ್ಟು ಸಡಿಲಿಕೆ ಸಿಕ್ಕಿತು. ಹುಲಿ, ಆನೆ ಓಡಾಡುವ ಕಾಡಿನಲ್ಲಿ ಈ ಕಟ್ಟಳೆ ಬೇಕೋ ಬೇಡವೋ ಎಂಬ ಚರ್ಚೆ ಬೇರೆ ದಿನದ್ದು. ಸೂರ್ಯೋದಯದ ಮಟ್ಟಿಗೆ ಅದರ ಅರ್ಥ ಒಂದೇ: ಮನೆಯಿಂದ ನಡುರಾತ್ರಿ ಹೊರಟು ಬೆಟ್ಟದ ಮೇಲೆ ಹೊತ್ತು ಹುಟ್ಟಿಸಿಕೊಳ್ಳುವ ಆಟ ನಡೆಯದು. ಹಿಂದಿನ ಸಂಜೆಯೇ ಮೇಲಿರಬೇಕು.

ದಿಂಬಂ ಮೇಲಿಂದಲೇ ಬಯಲು ಚೆನ್ನಾಗಿ ಕಾಣುತ್ತದಲ್ಲ, ಅಲ್ಲೇ ಗಾಡಿ ನಿಲ್ಲಿಸಿ ನೋಡಿದರಾಯ್ತು ಎನ್ನುವ ಡ್ರೈವರುಗಳಿದ್ದಾರೆ. ದಯವಿಟ್ಟು ಬೇಡಿ. 2013ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ, ಘಾಟಿಯಲ್ಲಿ ಇಳಿದು ನಿಲ್ಲುವಂತಿಲ್ಲ. ಕಬ್ಬಿನ ಲಾರಿಗೆ ಕಾದು ನಿಲ್ಲುವ ಆನೆಗೆ ನಿಮ್ಮ ಕ್ಯಾಮೆರಾ ಗೊತ್ತಾಗುವುದಿಲ್ಲ. ಗೋಪಾಲಸ್ವಾಮಿ ಬೆಟ್ಟದ ಆಸೆಯನ್ನೂ ಬಿಡಿ. ಅಲ್ಲಿ ಸ್ವಂತ ವಾಹನ ಬಿಡುವುದಿಲ್ಲ, ತಪ್ಪಲಿನಿಂದ ಬಸ್ಸು ಹೊರಡುವ ಹೊತ್ತಿಗೆ ತಿಂಡಿಯ ಸಮಯವಾಗಿರುತ್ತದೆ. ದರ್ಶನಕ್ಕೆ ಹೋಗಿ, ಸೂರ್ಯೋದಯಕ್ಕಲ್ಲ.

ಇನ್ನೊಂದು ಚಿಕ್ಕ ಸಂಗತಿ. 2024ರ ಮೇ 7ರಿಂದ ಹೊರಗಿನ ವಾಹನಗಳು ನೀಲಗಿರಿಗೆ ಬರಲು ಇ-ಪಾಸ್ ಪದ್ಧತಿ ಬಂತು. ಫೋನಿನಲ್ಲೇ ಮಾಡಿಸಿಕೊಳ್ಳಬಹುದು, ಮೇಲೇರುವ ಚೆಕ್‌ಪೋಸ್ಟಿನಲ್ಲಿ ನಿಂತು ಪರದಾಡುವುದಕ್ಕಿಂತ ಮನೆಯಲ್ಲೇ ಮುಗಿಸಿಕೊಂಡು ಹೊರಡುವುದು ಮೇಲು. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಈ ತಾಪತ್ರಯವಿಲ್ಲ. ಪ್ಲಾಸ್ಟಿಕ್ ನೀರಿನ ಬಾಟ್ಲಿಗೆ ಅಲ್ಲಿ ನಿಷೇಧ. ಸ್ಟೀಲ್ ತಂಬಿಗೆಯೋ ಫ್ಲಾಸ್ಕೋ ಹಿಡಿದುಕೊಳ್ಳಿ, ಬೆಳಗಿನ ಚಳಿಯಲ್ಲಿ ಬಿಸಿನೀರು ಕೆಲಸಕ್ಕೂ ಬರುತ್ತದೆ.

ಮುಷ್ಟಿಯ ಲೆಕ್ಕ

ಈಗ ದಿಕ್ಕಿನ ಮಾತು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬುದು ಶಾಲೆಯ ಪಾಠ. ಹೊಲದಲ್ಲಿ ದುಡಿಯುವವನಿಗೆ ಅದಕ್ಕಿಂತ ಹೆಚ್ಚು ಗೊತ್ತು. ಕಣದಲ್ಲಿ ನಿಂತು ನೋಡಿದರೆ ಮಾಗಿಯ ಚಳಿಯಲ್ಲಿ ಹುಣಸೆಮರದ ನೆತ್ತಿಯಲ್ಲಿ ಹುಟ್ಟುವ ಸೂರ್ಯ, ಮುಂಗಾರು ಹೊತ್ತಿಗೆ ಸರಿದು ಸರಿದು ಪಕ್ಕದವರ ತೆಂಗಿನ ತೋಟದ ಮೇಲೆ ಬಂದಿರುತ್ತಾನೆ. ಇದಕ್ಕೇ ನಾವು ಉತ್ತರಾಯಣ, ದಕ್ಷಿಣಾಯನ ಅನ್ನುವುದು. ನೀಲಗಿರಿಯಷ್ಟು ದಕ್ಷಿಣದಲ್ಲಿ ಈ ಸರಿದಾಟ ಎಷ್ಟು ಅಂದರೆ, ಜೂನ್ ಮೂರನೇ ವಾರ ನೇರ ಪೂರ್ವದಿಂದ ಉತ್ತರಕ್ಕೆ ಸುಮಾರು 24 ಡಿಗ್ರಿ, ಡಿಸೆಂಬರ್ ಮೂರನೇ ವಾರ ದಕ್ಷಿಣಕ್ಕೆ ಅಷ್ಟೇ. ಡಿಗ್ರಿ ಅಳೆಯುವುದು ಹೇಗೆ ಅನ್ನುತ್ತೀರಾ? ಕೈಯನ್ನು ನೀಟವಾಗಿ ಮುಂದಕ್ಕೆ ಚಾಚಿ ಮುಷ್ಟಿ ಕಟ್ಟಿ. ಆ ಮುಷ್ಟಿಯ ಅಗಲ ಹೆಚ್ಚುಕಮ್ಮಿ 10 ಡಿಗ್ರಿ. ಅಂದರೆ ವರ್ಷದಲ್ಲಿ ಸೂರ್ಯ ಹುಟ್ಟುವ ಜಾಗ ಆ ತುದಿಯಿಂದ ಈ ತುದಿಗೆ ಐದು ಮುಷ್ಟಿಯಷ್ಟು ಅಲೆಯುತ್ತದೆ. ಐದು ಮುಷ್ಟಿಯಲ್ಲಿ ಒಂದು ಇಡೀ ಬೆಟ್ಟ ಮರೆಯಾಗಬಹುದು.

ಇದನ್ನು ಸಂಜೆಯೇ ಪರೀಕ್ಷೆ ಮಾಡಿಕೊಳ್ಳುವ ಒಂದು ಉಪಾಯ ಹೇಳುತ್ತೇನೆ. ಮುಳುಗುವ ಸೂರ್ಯನಿಗೆ ಬೆನ್ನು ಹಾಕಿ ನಿಂತು, ನಮ್ಮ ನೆರಳು ತೋರಿದ ಕಡೆಯೇ ನಾಳೆ ಹುಟ್ಟುತ್ತಾನೆ ಅಂದುಕೊಳ್ಳುವವರು ಬಹಳ. ಅದು ಮಾರ್ಚ್ 21ರ ಆಸುಪಾಸು, ಸೆಪ್ಟೆಂಬರ್ 23ರ ಆಸುಪಾಸು ಮಾತ್ರ ಸರಿ. ಬೇರೆ ದಿನಗಳಲ್ಲಿ ಹೀಗೆ ಮಾಡಿ: ನೇರ ಪಶ್ಚಿಮದಿಂದ ಎಷ್ಟು ಮುಷ್ಟಿ ಎಡಕ್ಕೆ, ಅಂದರೆ ದಕ್ಷಿಣಕ್ಕೆ ಸೂರ್ಯ ಇಳಿದನೋ ನೋಡಿಕೊಳ್ಳಿ. ಪೂರ್ವಕ್ಕೆ ತಿರುಗಿ ನಿಂತು ಬಲಕ್ಕೆ ಅಷ್ಟೇ ಮುಷ್ಟಿ ಎಣಿಸಿ. ಅಲ್ಲೇ ನಾಳೆ ಹುಟ್ಟುವುದು. ಪಶ್ಚಿಮ ಯಾವುದು ಅಂತ ತಿಳಿಯಲು ಈಗ ಎಲ್ಲರ ಫೋನಿನಲ್ಲೂ ದಿಕ್ಸೂಚಿ ಇದೆ. ಆ ಜಾಗದಲ್ಲಿ ಬೆಟ್ಟವೋ ನೀಲಗಿರಿ ಮರದ ತೋಪೋ ಅಡ್ಡ ಇದ್ದರೆ ಸಂಜೆಯೇ ಬೇರೆ ಜಾಗ ಹುಡುಕಲು ಹೊತ್ತಿರುತ್ತದೆ.

ಕೂನೂರಿನ ಡಾಲ್ಫಿನ್ಸ್ ನೋಸ್ ಎಂಬ ಬಂಡೆಯನ್ನೇ ತೆಗೆದುಕೊಳ್ಳಿ. ಪ್ರವಾಸಿಗಳು ಮುಗಿಬೀಳುವ ಜಾಗ; ಅಲ್ಲೂ ಟಿಕೆಟ್ಟು, ಗೇಟು ಎಲ್ಲ ಉಂಟು. ಅದರ ಆಗ್ನೇಯಕ್ಕೆ ಮೆಟ್ಟುಪಾಳ್ಯದ ಬಯಲು ತೆರೆದುಕೊಂಡಿದೆ, ಈಶಾನ್ಯಕ್ಕೆ ಕಣಿವೆಯಾಚೆ ಕೋತಗಿರಿ ಕಡೆಯ ಬೆಟ್ಟದ ಏಣು ಅಡ್ಡ ನಿಂತಿದೆ. ಹಾಗಾಗಿ ಡಿಸೆಂಬರ್, ಜನವರಿಯಲ್ಲಿ ಸೂರ್ಯ ಬಯಲಿನಿಂದ ಏಳುತ್ತಾನೆ. ಶಾಲೆಗೆ ರಜೆ ಬಿಟ್ಟು ಜನ ಜಾತ್ರೆಯಾಗುವ ಮೇ ತಿಂಗಳಲ್ಲಿ ಏಣಿನ ಹಿಂದಿನಿಂದ ತಡವಾಗಿ ಇಣುಕುತ್ತಾನೆ. ಒಂದೇ ಬಂಡೆ, ಎರಡು ಬೇರೆ ಬೆಳಗು. ಅಲ್ಲಿಂದ ಎದುರಿಗೆ ಕಾಣುವ ಜಲಪಾತಕ್ಕೆ ಬೋರ್ಡಿನಲ್ಲಿ ಕ್ಯಾಥರೀನ್ ಫಾಲ್ಸ್ ಎಂದಿದೆ. ಯಾರೋ ಕಾಫಿ ತೋಟದ ದೊರೆಯ ಹೆಂಡತಿಯ ಹೆಸರು. ಬಡಗರು ಅದನ್ನು ಗೆದ್ದೆಹಾಡ ಹಳ್ಳ ಎನ್ನುತ್ತಾರೆ. ಬೋರ್ಡು ಬರೆಸುವವರ ಕಿವಿಗೆ ಆ ಹೆಸರು ಇನ್ನೂ ಬಿದ್ದ ಹಾಗಿಲ್ಲ.

ಎತ್ತರದ ವಿಚಾರದಲ್ಲೂ ಒಂದು ಮಾತು ಉಳಿದಿದೆ. ಬಯಲಿನಿಂದ ಒಂದೂವರೆ ಸಾವಿರ ಮೀಟರ್ ಮೇಲೆ, ಕಣ್ಣೆದುರು ಏನೂ ಅಡ್ಡವಿಲ್ಲದೆ ನಿಂತವನಿಗೆ ಸೂರ್ಯ ಕೆಳಗಿನವರಿಗಿಂತ ನಾಲ್ಕೈದು ನಿಮಿಷ ಮೊದಲು ಕಾಣುತ್ತಾನೆ. ಲಾಭ ಅಷ್ಟೇ. ಅದೇ ಎದುರಿಗೆ ಒಂದು ಮುಷ್ಟಿ ಎತ್ತರದ ಬೆಟ್ಟವಿದ್ದರೆ ನಲವತ್ತು ನಿಮಿಷ ನಷ್ಟ. ಎತ್ತರದ ಬೆಟ್ಟಗಳ ನಡುವೆ ನಿಂತು ಸೂರ್ಯನಿಗೆ ಕಾಯುವುದಕ್ಕಿಂತ, ಗಿಡ್ಡ ಬೆಟ್ಟವಾದರೂ ಪೂರ್ವದ ಕೊನೆಯ ಅಂಚಿನಲ್ಲಿ ನಿಲ್ಲುವುದು ಒಳ್ಳೆಯದು ಎಂದು ನಾನು ಹೇಳುವುದು ಇದಕ್ಕೇ. ಕಾಸರಗೋಡಿನ ಓದುಗರಿಗೆ ಪೊಸಡಿಗುಂಪೆ ಗೊತ್ತು. ಅಲ್ಲಿಂದ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟದ ಸಾಲು. ಸಂಜೆಗೆ ಅದು ಹೇಳಿ ಮಾಡಿಸಿದ ಜಾಗ. ಬೆಳಗ್ಗೆ ಪಂಚಾಂಗದ ಹೊತ್ತಿಗೆ ಸೂರ್ಯ ಸಿಗಲಿಲ್ಲ ಅಂತ ಪಂಚಾಂಗವನ್ನು ಬೈಯಬಾರದು.

ಮಂಜಿನ ಲೆಕ್ಕ ಮಾತ್ರ ಯಾರ ಮುಷ್ಟಿಗೂ ಸಿಗುವುದಲ್ಲ. ಆದರೂ ಒಂದು ಅಂದಾಜು ಉಂಟು. ನೀಲಗಿರಿಯಲ್ಲಿ ಎರಡು ಮಳೆ. ಜೂನ್‌ನಿಂದ ಬರುವ ಮುಂಗಾರು ಗೂಡಲೂರು, ಊಟಿಯ ಪಶ್ಚಿಮದ ಕಡೆಯನ್ನು ಬಡಿಯುತ್ತದೆ. ದೊಡ್ಡಬೆಟ್ಟದ ಸಾಲು ಅಡ್ಡ ಇರುವುದರಿಂದ ಕೋತಗಿರಿ ಕಡೆಗೆ ಅದರ ಹೊಡೆತ ಕಡಿಮೆ. ಊಟಿಯಲ್ಲಿ ಕೊಡೆ ಬಿಚ್ಚಿದ ದಿನ ಕೋತಗಿರಿಯಲ್ಲಿ ಬಟ್ಟೆ ಒಣಗುವುದುಂಟು. ಅಕ್ಟೋಬರ್‌ನಿಂದ ಡಿಸೆಂಬರ್ ಮೊದಲವರೆಗಿನ ಹಿಂಗಾರು ತಿರುಗುಮುರುಗು. ಆಗ ಗಾಳಿ ಈಶಾನ್ಯದಿಂದ ಬಂದು ಮೋಡವನ್ನು ಕೋತಗಿರಿ, ಕೂನೂರಿನ ಇಳಿಜಾರಿಗೇ ಒತ್ತುತ್ತದೆ. ಮಳೆಯೂ ಅಲ್ಲೇ. 2009ರ ನವೆಂಬರ್ 10ರಂದು ಕೇತ್ತಿಯಲ್ಲಿ ಒಂದೇ ದಿನ 82 ಸೆಂ.ಮೀ. ಮಳೆ ಬಿತ್ತು, ಆ ದಿನಗಳಲ್ಲಿ ಗುಡ್ಡ ಜಾರಿ ಮನೆಗಳ ಮೇಲೆ ಬಿದ್ದು ಜಿಲ್ಲೆಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ನವೆಂಬರ್‌ನಲ್ಲಿ ಜಡಿಮಳೆ ಹಿಡಿದಿದ್ದರೆ ಸೂರ್ಯೋದಯದ ಮಾತೇ ಬೇಡ. ಕತ್ತಲಲ್ಲಿ ಘಾಟಿ ಹತ್ತುವ ಮಾತಂತೂ ಬೇಡವೇ ಬೇಡ.

ಡಿಸೆಂಬರ್ ಕೊನೆಯಿಂದ ಮಾರ್ಚ್ ಮೊದಲವರೆಗೆ ಒಳ್ಳೆಯ ಕಾಲ. ಚಳಿ ಇರುತ್ತದೆ, ಊಟಿಯ ತಗ್ಗಿನಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟಿರುತ್ತದೆ, ಆದರೆ ಆಕಾಶ ತಿಳಿ. ಇಂಥ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ತಗ್ಗಿಗೆ ಇಳಿದು ಅಲ್ಲೇ ಮಂಜಾಗಿ ಕೂರುತ್ತದೆ. ಕಣಿವೆಯ ತಳದಲ್ಲಿ ಮಲಗಿದವನು ಎದ್ದು ನೋಡಿ "ಅಯ್ಯೋ ಏನೂ ಕಾಣಲ್ಲ" ಎಂದು ಮತ್ತೆ ಕಂಬಳಿ ಹೊದ್ದುಕೊಳ್ಳುತ್ತಾನೆ. ಇನ್ನೂರು ಮೀಟರ್ ಮೇಲೇರಿದವನಿಗೆ ಅದೇ ಮಂಜು ಕಾಲ ಕೆಳಗೆ ಹಾಲಿನ ಕೆರೆ. ಹಾಗಾಗಿ ಕಿಟಕಿಯಲ್ಲಿ ಮಂಜು ಕಂಡ ಮಾತ್ರಕ್ಕೆ ಹಿಂಜರಿಯಬೇಡಿ. ತಲೆಯೆತ್ತಿ ನೋಡಿ, ನಕ್ಷತ್ರ ಕಂಡರೆ ಹೊರಡಿ. ಏಪ್ರಿಲ್ ಹೊತ್ತಿಗೆ ಬಯಲಿನ ಧೂಳು ಏರಿ, ಸೂರ್ಯ ಬಯಲಂಚಿನಲ್ಲಿ ಕಾಣದೆ ಸ್ವಲ್ಪ ಮೇಲೆ ಬಂದು ಕೆಂಪಗೆ ತೋರುತ್ತಾನೆ. ಅದೂ ಒಂದು ಚಂದ, ಬೇಕಾದವರಿಗೆ.

ಹೊತ್ತಿನ ವಿಚಾರ: ಮೇ ಕೊನೆ, ಜೂನ್ ಮೊದಲಲ್ಲಿ ಸೂರ್ಯ ಅಲ್ಲಿ ಬೆಳಗ್ಗೆ ಸುಮಾರು 6ಕ್ಕೆ ಹುಟ್ಟುತ್ತಾನೆ. ಸಂಕ್ರಾಂತಿ ಕಳೆದ ಮೇಲೆ ಹಗಲು ಬೆಳೆಯುತ್ತದೆ ಎಂಬುದು ನಿಜ, ಆದರೆ ಬೆಳೆಯುವುದು ಸಂಜೆಯ ಕಡೆಗೆ. ಜನವರಿ ಕೊನೆಯವರೆಗೂ ಹುಟ್ಟುವುದು ತಡವಾಗುತ್ತಲೇ ಹೋಗಿ 6-45 ದಾಟುತ್ತದೆ. ಬಣ್ಣ ಇರುವುದು ಹುಟ್ಟುವ ಮುಂಚಿನ ಅರ್ಧ ಗಂಟೆಯಲ್ಲಿ. ಬಿಲ್ಲೆ ಕಂಡ ಮೇಲೆ ಐದು ನಿಮಿಷಕ್ಕೆ ಕಣ್ಣು ಕುಕ್ಕುತ್ತದೆ. ಅರ್ಧ ಗಂಟೆ ಮೊದಲು ಜಾಗ ಸೇರಿರಬೇಕು.

ಕೊಡನಾಡಿನ ಅಂಚಿನಲ್ಲಿ

ಇಷ್ಟೆಲ್ಲ ಅಳೆದು ಸುರಿದು ನಾನು ಹೇಳುವ ಜಾಗ ಕೊಡನಾಡು. ಕೋತಗಿರಿಯಿಂದ 18 ಕಿ.ಮೀ., ಚಹಾ ತೋಟಗಳ ನಡುವಿನ ದಾರಿ. ಕೊಡನಾಡು ಅಂದರೆ ಜನಕ್ಕೆ ಮೊದಲು ನೆನಪಾಗುವುದು ಜಯಲಲಿತಾ ಅವರ ಎಸ್ಟೇಟು. ನಾನು ಹೇಳುತ್ತಿರುವುದು ರಸ್ತೆಯ ಕೊನೆಯ ವ್ಯೂಪಾಯಿಂಟು. ನೀಲಗಿರಿಯ ಪೂರ್ವದ ಬೆಟ್ಟ ಅಲ್ಲಿಗೆ ಮುಗಿದು ಒಮ್ಮೆಲೇ ಪಾತಾಳಕ್ಕೆ ಇಳಿಯುತ್ತದೆ. ಕೆಳಗೆ ಮೊಯಾರ್ ಹೊಳೆಯ ಕಣಿವೆ. ಆಚೆ ದಡದಲ್ಲಿ ಸತ್ಯಮಂಗಲದ ಬೆಟ್ಟಗಳು, ಅವುಗಳ ಬೆನ್ನಿಗೆ ನಮ್ಮ ಸೀಮೆ. ಪೂರ್ವಕ್ಕೆ ಮುಖ ಮಾಡಿದರೆ ಬಲಗಡೆ ರಂಗಸ್ವಾಮಿ ಬೆಟ್ಟ, ಭವಾನಿಸಾಗರದ ನೀರು. ಜೂನ್‌ನಲ್ಲಿ ಸೂರ್ಯ ದಿಂಬಂ ಬೆಟ್ಟಗಳ ದಿಕ್ಕಿನಿಂದ ಬರುತ್ತಾನೆ, ಜನವರಿಯಲ್ಲಿ ಭವಾನಿಸಾಗರದ ದಿಕ್ಕಿನಿಂದ. ಐದು ಮುಷ್ಟಿಯೂ ಅಲ್ಲಿ ಬಿಡಿಸಿಯೇ ಇವೆ. ಯಾವ ತಿಂಗಳು ಹೋದರೂ ದಿಕ್ಕಿನಿಂದ ಮೋಸವಿಲ್ಲ.

2025ರ ಜನವರಿ ಕೊನೆಯ ವಾರ ನಾನು ಅಲ್ಲಿಗೆ ಹೋದದ್ದು ನಮ್ಮೂರ ತರಕಾರಿ ವ್ಯಾಪಾರಿಯೊಬ್ಬರ ಜೊತೆ. ಹೊರಡಿಸಿದ್ದು ಅವರ ತಾಯಿ. ಎಪ್ಪತ್ತು ದಾಟಿದ ಹೆಣ್ಣುಮಗಳು, ಮಂಡಿನೋವು. ಮದುವೆಯಾಗಿ ತಾಳವಾಡಿ ಕಡೆಗೆ ಬಂದ ದಿನದಿಂದ ಕಳೆ ಕೀಳುತ್ತಾ, ರಾಗಿ ಕೊಯ್ಯುತ್ತಾ ತಲೆಯೆತ್ತಿದಾಗೆಲ್ಲ ದಕ್ಷಿಣಕ್ಕೆ ನೀಲಗಿರಿಯನ್ನು ನೋಡಿದವರು. ಮಳೆ ಹೊಯ್ದು ಗಾಳಿ ತಿಳಿಯಾದ ದಿನ ಅದು ನೀಲಿ ಗೋಡೆ. ಮಗ ವಾರಕ್ಕೆರಡು ಸಲ ಆ ಗೋಡೆಯ ಬುಡದ ಮಂಡಿಗೆ ಹೋಗಿ ಬರುತ್ತಾನೆ, ತಾನು ಒಂದು ದಿನವೂ ಹೋಗಿಲ್ಲ. "ಅಲ್ಲೀಗ ಹತ್ತಿ ನೋಡುದ್ರ ನಮ್ಮೂರು ಕಾಣ್ತದಾ ಕನಪ್ಪ?" ಎಂದು ನನ್ನನ್ನೇ ಕೇಳಿದ್ದರು. ಮಗನಿಗೆ ದೊಡ್ಡಬೆಟ್ಟದ ಹಟ. ನಾನು ಕೊಡನಾಡು ಎಂದದ್ದಕ್ಕೆ ಕಾರಣ ಮೂರು ಸೇರಿ ಒಂದು: ಬೆಳಗಿನ ಸೂರ್ಯ, ಅವ್ವನ ಮಂಡಿ, ತಾಳವಾಡಿಯ ದಿಕ್ಕು. ವಾಹನ ನಿಲ್ಲಿಸುವ ಜಾಗದಿಂದ ಅಲ್ಲಿ ಹೆಚ್ಚು ನಡೆಯಬೇಕಿಲ್ಲ. ನಕ್ಷೆಯ ಮೇಲೆ ನೇರ ಗೀಟು ಎಳೆದರೆ ಕೊಡನಾಡಿಗೂ ತಾಳವಾಡಿಗೂ ಮೂವತ್ತು ಕಿ.ಮೀ. ಸುತ್ತಮುತ್ತ, ದಿಂಬಂ ಇಳಿದು, ಸತ್ಯಮಂಗಲ, ಮೆಟ್ಟುಪಾಳ್ಯ ಸುತ್ತಿ, ಮತ್ತೆ ಕೋತಗಿರಿ ಹತ್ತಿದರೆ ಅದರ ನಾಲ್ಕೈದು ಪಟ್ಟು.

ಹಿಂದಿನ ದಿನ ಮಧ್ಯಾಹ್ನವೇ ಮೆಟ್ಟುಪಾಳ್ಯದಲ್ಲಿ ಲೆಕ್ಕ ಮುಗಿಸಿ, 33 ಕಿ.ಮೀ. ಘಾಟಿ ಹತ್ತಿ, ಕೋತಗಿರಿಯಲ್ಲಿ ಒಂದು ಸಾಧಾರಣ ಲಾಡ್ಜು ಹಿಡಿದೆವು. ಸಂಜೆ ಕೊಡನಾಡಿನ ದಾರಿಯಲ್ಲಿ ಚಹಾ ಸೊಪ್ಪಿನ ಮೂಟೆ ಹೊರಿಸಿಕೊಂಡು ನಿಂತಿದ್ದ ಒಬ್ಬ ಹಿರಿಯರನ್ನು ವಿಚಾರಿಸಿದೆವು. ನಾನು ತಮಿಳಿನಲ್ಲಿ ಶುರುಮಾಡಿದೆ. ಹಿಂದೆ ಕೂತಿದ್ದ ಅವ್ವ ತಡೆಯಲಾರದೆ, "ಅಣ್ಣಾ, ಹೊತ್ತು ಹುಟ್ಟದು ಇಲ್ಲಿಂದ ಕಾಣ್ತದಾ?" ಎಂದು ಬಿಟ್ಟರು. ಅವರು ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿದರು. ಆಮೇಲೆ ಹತ್ತು ನಿಮಿಷ ಅವರು ಬಡಗ ಮಾತಿನಲ್ಲಿ, ಇವರು ತಾಳವಾಡಿ ಮಾತಿನಲ್ಲಿ. ನಡುವೆ ತರ್ಜುಮೆಗೆ ಯಾರೂ ಬೇಕಾಗಲಿಲ್ಲ. ಬಡಗ ಎಂದರೆ ಬಡಗಲಿನವರು, ಉತ್ತರದಿಂದ ಬಂದವರು. ಮೈಸೂರು ಸೀಮೆಯಿಂದ ಮೊಯಾರ್ ದಾಟಿ ಬಂದವರೆಂದು ಹೇಳುವವರಿದ್ದಾರೆ, ಒಪ್ಪದವರೂ ಇದ್ದಾರೆ. ತಮ್ಮ ಮಾತು ಕನ್ನಡದ ಉಪಭಾಷೆಯಲ್ಲ, ಬೇರೆಯೇ ಭಾಷೆ ಎನ್ನುವ ಬಡಗರ ಮಾತನ್ನು ನಾವು ಗೌರವಿಸಬೇಕು. ಬೇರೆಯಾದರೂ ಬೇಲಿ ಪಕ್ಕದ್ದು.

ಆ ಹಿರಿಯರು ಹೇಳಿದ್ದು ಯಾವ ಪ್ರವಾಸಿ ಪುಸ್ತಕದಲ್ಲೂ ಸಿಗುವುದಲ್ಲ. ಬೆಳಗಿನ ಜಾವ ತೋಟದ ರಸ್ತೆಯಲ್ಲಿ ಕಾಟಿಗಳು ನಿಂತಿರುತ್ತವೆ, ಹಾರ್ನ್ ಹೊಡೆಯಬೇಡಿ, ದೀಪ ಇಳಿಸಿಕೊಂಡು ನಿಂತರೆ ತಾವೇ ಸರಿಯುತ್ತವೆ. ಕರಡಿ ಇದೆ, ಬೆಳಕಾಗುವವರೆಗೆ ಗಾಡಿಯಿಂದ ಇಳಿದು ಒಬ್ಬೊಬ್ಬರೇ ಅಡ್ಡಾಡಬೇಡಿ, ತೋಟದೊಳಗೆ ಕಾಲಿಡಲೇಬೇಡಿ. ವ್ಯೂಪಾಯಿಂಟಿನ ಕಾವಲಿನವರನ್ನು ಈಗಲೇ ಕಂಡು ಬೆಳಗ್ಗೆ ಯಾವ ಹೊತ್ತಿಗೆ ಬಿಡುತ್ತಾರೆ ಅಂತ ಕೇಳಿಬಿಡಿ, ಅದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಬಿಡದಿದ್ದರೆ ಅದಕ್ಕೂ ಮೊದಲು ರಸ್ತೆಯ ಪಕ್ಕದಲ್ಲೇ ಪೂರ್ವ ಬಿಡಿಸಿದ ಒಂದು ತಿರುವಿದೆ, ಅಲ್ಲಿ ಗಾಡಿ ಓರೆಗೆ ಹಾಕಿ, ಸೊಪ್ಪಿನ ಲಾರಿಗೆ ದಾರಿ ಬಿಟ್ಟು. ಕೊನೆಯ ಮಾತನ್ನು ಅವರು ಎರಡು ಸಲ ಹೇಳಿದರು. ಭಾನುವಾರ ಬಂದ ಕಾರುಗಳು ಗೇಟಿಗೆ ಅಡ್ಡ ನಿಂತು, ಕಿತ್ತ ಸೊಪ್ಪು ಮೂಟೆಯಲ್ಲೇ ಬಿಸಿಯೇರಿ ಬಾಡಿದರೆ ಫ್ಯಾಕ್ಟರಿಯಲ್ಲಿ ದರ ಮುರಿಯುತ್ತಾರಂತೆ. ತರಕಾರಿ ವ್ಯಾಪಾರಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಮರುದಿನ 5ಕ್ಕೆ ಹೊರಟೆವು. ಒಂದು ಕಡೆ ಏಳೆಂಟು ಕಾಟಿ ರಸ್ತೆಯಲ್ಲೇ ಮೆಲುಕು ಹಾಕುತ್ತಿದ್ದವು. ಹತ್ತು ನಿಮಿಷ ಹೋಯಿತು. 6-15ರ ಹೊತ್ತಿಗೆ ಹಿರಿಯರು ತೋರಿಸಿದ ತಿರುವಿನಲ್ಲಿದ್ದೆವು. ಕಣಿವೆ ಇನ್ನೂ ಕಪ್ಪಗಿತ್ತು. ತಳದಲ್ಲಿ ಒಂದೆರಡು ದೀಪ ಕಂಡವು, ತೆಂಗುಮರಹಾಡ. ಮೊಯಾರ್ ದಡದ ಆ ಊರಿಗೆ ಹೋಗಲು ಇತ್ತಿನಿಂದ ದಾರಿಯಿಲ್ಲ; ಭವಾನಿಸಾಗರದ ಕಡೆಯಿಂದ ಕಾಡು ದಾಟಿ, ಹರಿಗೋಲಿನಲ್ಲಿ ಹೊಳೆ ದಾಟಬೇಕು. ಸಹಕಾರ ಸಂಘ ಕಟ್ಟಿಕೊಂಡು ಬೇಸಾಯ ಮಾಡಿದ ಊರು. ಹುಲಿಗೆ ಜಾಗ ಬಿಟ್ಟು ಅವರನ್ನು ಎಬ್ಬಿಸುವ ಮಾತು ಹೈಕೋರ್ಟಿನವರೆಗೂ ಹೋಗಿದೆ. ಮುಂದೊಂದು ಬೆಳಗ್ಗೆ ಆ ದೀಪಗಳು ಇಲ್ಲದಿರಬಹುದು.

ಬಲಕ್ಕೆ ಎರಡು ಮುಷ್ಟಿ ಎಣಿಸಿದ ಕಡೆಯೇ ಕೆಂಪಾಯಿತು. ಮೊದಲು ರಂಗಸ್ವಾಮಿ ಬೆಟ್ಟದ ಅಂಚು ಗೀರು ಎಳೆದ ಹಾಗೆ ಕಂಡಿತು. ಇರುಳಿಗರು ಪೂಜೆ ಮಾಡುವ ಬೆಟ್ಟ ಅದು. ಕಾರಮಡೆಯಲ್ಲಿದ್ದ ರಂಗಸ್ವಾಮಿ ಹೆಂಡತಿಯ ಮೇಲೆ ಮುನಿಸಿಕೊಂಡು ಇಲ್ಲಿ ಒಬ್ಬನೇ ಬಂದು ಕೂತ ಎಂಬ ಕಥೆಯುಂಟು. ಅವ್ವನಿಗೆ ಹೇಳಿದೆ. "ಗಂಡಸ್ರಿಗ ಮುನಿಸ್ಕೊಳ್ಳಕ್ಕೂ ಒಳ್ಳೆ ಜಾಗನೇ ಬೇಕು" ಎಂದರು. ಸೂರ್ಯ ಬಂದ. ಮಗ ಫೋನು ಹಿಡಿದು ಅದನ್ನೇ ತೆಗೆಯುತ್ತಿದ್ದ. ಅವ್ವ ಕೈಮುಗಿದು, ಒಂದು ನಿಮಿಷಕ್ಕೇ ಆ ಕಡೆ ಬೆನ್ನು ಮಾಡಿ ಎಡಕ್ಕೆ ತಿರುಗಿದರು.

ಎಡಕ್ಕೆ ತಿರುಗಿದ್ದು ಸರಿಯಾಗಿಯೇ ಇತ್ತು. ಬೆಳಗಿನ ಬಿಸಿಲು ಓರೆಯಾಗಿ ಬೀಳುವುದರಿಂದ ಮೊಯಾರ್‌ನ ಆಚೆ ದಡದ ಬಂಡೆಗೋಡೆ ತಲೆಯಿಂದ ಕೆಳಕ್ಕೆ ಬೆಳಗುತ್ತಾ ಬರುತ್ತದೆ. ಅದರ ಮೇಲೆ, ಹಿಂದಕ್ಕೆ, ಉತ್ತರಕ್ಕೆ ಚಾಚಿಕೊಂಡ ತಟ್ಟು ನೆಲ. ಒಂಬತ್ತು ಗಂಟೆಗೆ ಹೋದರೆ ಅದೆಲ್ಲ ಬಿಸಿಲಿನ ಹೊಗೆಯಲ್ಲಿ ಒಂದೇ ಬೂದಿಬಣ್ಣ. ಏಳು ಗಂಟೆಗೆ ಬೆಟ್ಟದ ಮಡಿಕೆ ಮಡಿಕೆ ಲೆಕ್ಕ ಸಿಗುತ್ತದೆ. ಊರು, ಮನೆ, ಗುಡಿ ಕಾಣುವ ದೂರವಲ್ಲ. ದಿಕ್ಸೂಚಿ ಹಿಡಿದು ಉತ್ತರಕ್ಕೆ ಎರಡು ಮುಷ್ಟಿ ಬಲಕ್ಕೆ ತೋರಿಸಿ, ಅಲ್ಲೇ ಆ ಕಡೆ ನಮ್ಮೂರು ಎಂದೆ. ಅವ್ವ ಬಹಳ ಹೊತ್ತು ನೋಡಿದರು. "ಇಷ್ಟು ತಗ್ಗುನಲ್ಲಿ ಇದ್ದಂವಾ ನಾವು?" ಎಂದು ಕೇಳಿದರು. ಆಮೇಲೆ ಮಗನನ್ನು ಕರೆದು, ಸೂರ್ಯನ ಫೋಟೋ ಸಾಕು, ಇದ ತಗಿ, ಮನೇಲಿ ಸೊಸೆಗ ತೋರ್ಸಬೇಕು ಎಂದರು.

ಹಿಂದಿರುಗುವಾಗ ವ್ಯೂಪಾಯಿಂಟಿನ ಕಡೆಗೆ ನಾಲ್ಕೈದು ಕಾರುಗಳು ಎದುರಾದವು. ನಾವು ಗಾಡಿಯನ್ನು ಓರೆಗೆ ಹಾಕಿ ನಿಂತೆವು. ಅವುಗಳ ಹಿಂದೆ ಸೊಪ್ಪಿನ ಲಾರಿಯೂ ಇತ್ತು. ಮೆಟ್ಟುಪಾಳ್ಯಕ್ಕೆ ಇಳಿಯುವಷ್ಟರಲ್ಲಿ ಮಂಡಿಯಲ್ಲಿ ಆಲೂಗಡ್ಡೆ ಮೂಟೆಗಳು ಇಳಿಯುತ್ತಿದ್ದವು. ಬಿತ್ತನೆಗೆ ನಾಲ್ಕು ಮೂಟೆ ಬೆಳ್ಳುಳ್ಳಿ ಬೇಕಿತ್ತು. ಅವ್ವ ಗಾಡಿಯಲ್ಲೇ ಕೂತು, ಕತ್ತು ಹೊರಳಿಸಿ ಈಗ ಬುಡದಿಂದ ಆ ಬೆಟ್ಟವನ್ನು ನೋಡುತ್ತಿದ್ದರು.